ಕ್ವೆರ್ನವಾಕದ ತೋಟದಲ್ಲಿ ಒಂದು ಊಟ

ಮೆಕ್ಸಿಕೋಗೆ ಹೋಗಿ ಬಂದದ್ದನ್ನು ಬರೆದು ಕೊಡಿ ಎಂದು ನಮ್ಮ ಕನ್ನಡ ಸಂಘದ ಸಂಚಿಕೆಯವರು ಎರಡು ಯುಗಾದಿಯಿಂದ ಕೇಳುತ್ತಿದ್ದಾರೆ. ಒಮ್ಮೆ ಮಂಡಿನೋವು ಎಂದೆ, ಇನ್ನೊಮ್ಮೆ ಕನ್ನಡಕ ಬದಲಿಸಬೇಕು ಎಂದೆ. ಎರಡೂ ನಿಜ, ಆದರೆ ಕಾರಣ ಅವಲ್ಲ. ಆ ಪ್ರವಾಸವನ್ನು ಬರೆಯಲು ಕುಳಿತರೆ ಅಲ್ಲಿ ಮಾಡಿದ ಒಂದು ಊಟವನ್ನೂ ಬರೆಯಬೇಕಾಗುತ್ತದೆ. ಅದನ್ನು ಬಿಟ್ಟು ಬರೆಯಲು ನೋಡಿದೆ; ಬರೀ ಬಸ್ಸು, ಬೆಟ್ಟ, ಹವಾಮಾನ ಉಳಿಯಿತು. ಓದಿ ಹರಿದು ಹಾಕಿದೆ. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹೊರಟವರು ನಾಲ್ಕು ಜನ: ನಾನು, ಹೆಂಡತಿ ಸುಮತಿ, ಮಗಳು ರಶ್ಮಿ, ತೀರಿಹೋದ ನನ್ನ ಅಣ್ಣನ ಹೆಂಡತಿ ವನಜಾಕ್ಷಿ ಅತ್ತಿಗೆ. ನಾವು ಮೂವರೂ ಇರುವುದು ಅಮೆರಿಕದ ಷಾರ್ಲೆಟ್‌ನಲ್ಲಿ. ಅತ್ತಿಗೆ ಸೆಂಟರ್‌ವಿಲ್‌ನಲ್ಲಿ ಮಗನ ಜೊತೆ ಇದ್ದಾರೆ. ಹೊರಡುವ ಮೊದಲೇ ನಮ್ಮಲ್ಲಿಗೆ ಬಂದಿಳಿದರು. ಸೂಟ್‌ಕೇಸಿನಲ್ಲಿ ಸೀರೆಗಿಂತ ಅವಲಕ್ಕಿ, ಚಟ್ನಿಪುಡಿ, ಹುರಿದ ಕಡಲೆಯೇ ಹೆಚ್ಚು. ರಶ್ಮಿಗೆ ಬ್ಯಾಂಕಿನ ಕೆಲಸದಿಂದ ಒಂದು ವಾರ ರಜೆ ಸಿಕ್ಕಿತ್ತು. ಟಿಕೆಟ್ಟು, ಹೋಟೆಲು ಎಲ್ಲ ಅವಳದೇ.

ನನ್ನ ಪಾಲಿಗೆ ಬಂದ ಕೆಲಸ ಭಾಷೆಯದು. ನಾನು ಓದಿದ್ದು ಕುಂದಾಪುರದಲ್ಲಿ ಹೈಸ್ಕೂಲಿನವರೆಗೆ. ಅಣ್ಣ ಕರೆಸಿಕೊಂಡ ಮೇಲೆ ಅಟ್ಲಾಂಟದ ಒಂದು ದಿನಸಿ ಗೋದಾಮಿನಲ್ಲಿ ಅಕ್ಕಿ ಮೂಟೆ ಇಳಿಸುತ್ತ ಆಯುಷ್ಯದ ಹೆಚ್ಚು ಪಾಲು ಕಳೆದೆ. ಜೊತೆಗೆ ಮೂಟೆ ಹೊರುತ್ತಿದ್ದವರೆಲ್ಲ ಮೆಕ್ಸಿಕೋದವರು. ಹಾಗಾಗಿ ನನಗೆ ಇಂಗ್ಲಿಷಿಗಿಂತ ಮೊದಲು ಸ್ಪ್ಯಾನಿಷ್ ಬಂತು. ನಮ್ಮ ಜನರ ನಡುವೆ ಅದಕ್ಕೆ ಬೆಲೆ ಇರಲಿಲ್ಲ. ಈ ಪ್ರವಾಸದಲ್ಲಿ ಮೊದಲ ಸಲ ಬೆಲೆ ಬಂತು.

ಷಾರ್ಲೆಟ್‌ನಿಂದ ಮೆಕ್ಸಿಕೋ ಸಿಟಿಗೆ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿಯ ವಲಸೆ ಕೌಂಟರಿನಲ್ಲಿ ಅಧಿಕಾರಿ ಕೇಳಿದ್ದಕ್ಕೆಲ್ಲ ನಾನು ಅವನ ಭಾಷೆಯಲ್ಲೇ ಉತ್ತರಿಸಿದೆ. ಅವನು ನಕ್ಕು ಏನೋ ತಮಾಷೆ ಮಾಡಿದ, ನಾನೂ ಒಂದು ಮಾತು ಸೇರಿಸಿದೆ.

"ನೋಡು ಸುಮತಿ," ಎಂದರು ಅತ್ತಿಗೆ. "ಅಮೆರಿಕದಲ್ಲಿ ಡಾಕ್ಟರ ಎದುರು ಬಾಯಿಯೇ ಬಿಡದವ ಇಲ್ಲಿ ಹೇಗೆ ಹರಿಸ್ತಾನೆ! ನಿಮ್ಮ ಭಾವ ಇದ್ದಿದ್ರೆ ನಂಬ್ತಿರಲಿಲ್ಲ."

"ಮನೇಲಿ ಮಾತಾಡುದು ಇದರ ಕಾಲು ಪಾಲೂ ಇಲ್ಲ ಅಕ್ಕ," ಎಂದಳು ಸುಮತಿ.

ಅಲ್ಲಿಂದ ಬಸ್ಸಿನಲ್ಲಿ ಕ್ವೆರ್ನವಾಕಕ್ಕೆ ಹೋದೆವು. ದೂರ ಎಂಬತ್ತೈದು ಕಿಲೋಮೀಟರಿನ ಆಸುಪಾಸು, ಟಿಕೆಟ್ಟು ತಲೆಗೆ ಮುನ್ನೂರು ಪೆಸೊ ಮೇಲೆ. ಒಳ್ಳೆಯ ಬಸ್ಸು, ಮೆತ್ತನೆಯ ಸೀಟು. ನಗರದ ಗಲಾಟೆ ದಾಟಿದ ಮೇಲೆ ಪೈನ್ ಮರಗಳ ಘಟ್ಟ ಹತ್ತುತ್ತದೆ. ಸ್ವೆಟರ್ ಬೇಕೆನಿಸುವಷ್ಟು ಚಳಿ. ಆ ಬದಿ ಇಳಿಯುತ್ತ ಬಂದ ಹಾಗೆ ಬಿಸಿಲು ಬೆಚ್ಚಗಾಗುತ್ತದೆ. ಮಾರ್ಚ್ ತಿಂಗಳು. ಊರು ಮುಟ್ಟುವಾಗ ಜಕರಂದ ಮರಗಳೆಲ್ಲ ನೇರಳೆ ಹೂ ತುಂಬಿಕೊಂಡು ನಿಂತಿದ್ದವು, ಪ್ರತಿ ಕಾಂಪೌಂಡಿನ ಮೇಲೂ ಕಾಗದದ ಹೂವಿನ ಬಳ್ಳಿ.

ಎರಡನೆಯ ದಿನ ಅರಮನೆ, ಇಗರ್ಜಿ, ಸಂತೆ ನೋಡಿದೆವು. ಊಟದ್ದೇ ಕಷ್ಟ. ಅತ್ತಿಗೆ ಅಮೆರಿಕಕ್ಕೆ ಬಂದ ಮೇಲೆ ಈರುಳ್ಳಿ ಬೆಳ್ಳುಳ್ಳಿಗೆ ರಾಜಿಯಾಗಿದ್ದರು, ಅಷ್ಟೇ. ಚೀಸಿನ ಪೊಟ್ಟಣವನ್ನೂ ಮಾಂಸದ ಅಂಶ ಇದೆಯೇ ಎಂದು ಕನ್ನಡಕ ಹಾಕಿ ಓದದೆ ಮನೆಗೆ ತರುವವರಲ್ಲ. ಆ ದಿನ ಒಂದು ಹೋಟೆಲಿನಲ್ಲಿ ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ ಎಂದು ನಾನು ಕೇಳಿ ತಿಳಿದು ಹೇಳಿದೆ, ಎದ್ದು ಬಂದೆವು. ಇನ್ನೊಂದರಲ್ಲಿ ತರಕಾರಿ ಸೂಪಿಗೂ ಅದೇ ಸಾರು, ಅಲ್ಲಿಂದಲೂ ಎದ್ದೆವು. ಕೊನೆಗೆ ಪಾರ್ಕಿನ ಬೆಂಚಿನಲ್ಲಿ ಕುಳಿತು ಬಾಳೆಹಣ್ಣು, ಅವಲಕ್ಕಿ ತಿಂದೆವು. "ನಿನ್ನಿಂದ ನನ್ನ ಜಾತಿ ಉಳೀತು ರಾಘವ," ಎಂದು ಅತ್ತಿಗೆ ನಕ್ಕರು. ನನಗೆ ಹೊಟ್ಟೆ ಹಸಿದಿತ್ತು.

ಮೂರನೆಯ ದಿನ ಭಾನುವಾರ. ರಶ್ಮಿ ಫೋನಿನಲ್ಲಿ ಹುಡುಕಿ ಒಂದು ತೋಟದ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಹೊರಗಿನಿಂದ ಎತ್ತರದ ಗೋಡೆ, ಸಣ್ಣ ಬಾಗಿಲು. ಒಳಗೆ ಕಾಲಿಟ್ಟರೆ ಹಸಿರು ಹಾಸು ಇಳಿಜಾರಾಗಿ ಹರಡಿದೆ, ದೊಡ್ಡ ಮಾವಿನ ಮರಗಳ ಕೆಳಗೆ ಮೇಜು ಹಾಕಿದ್ದಾರೆ, ನಡುವೆ ನೀರಿನ ಕಾಲುವೆ. ಎರಡು ನವಿಲುಗಳು ಗಿರಾಕಿಗಳ ಮಧ್ಯೆ ಓಡಾಡುತ್ತಿದ್ದವು. ತೋಟದ ಕೊನೆಗೆ ಹೆಂಚಿನ ಮಾಡಿನ ತೆರೆದ ಅಡುಗೆಮನೆ. ಹೆಂಗಸರು ಮೆಕ್ಕೆಜೋಳದ ರೊಟ್ಟಿ ತಟ್ಟುವುದು ಕುಳಿತಲ್ಲಿಂದಲೇ ಕಾಣುತ್ತಿತ್ತು. ಅಲ್ಲಿ ಮಧ್ಯಾಹ್ನದ ಊಟವೇ ದೊಡ್ಡ ಊಟ, ಮೂರು ಗಂಟೆಗೆ ತೋಟ ತುಂಬಿತ್ತು.

ನಮ್ಮ ಮೇಜಿಗೆ ಬಡಿಸಲು ಬಂದದ್ದು ಐವತ್ತು ದಾಟಿದ ಹೆಂಗಸು. ದಾಸವಾಳದ ಜಾತಿಯ ಹೂವಿನ ಕೆಂಪು ಶರಬತ್ತು ತಂದಿಟ್ಟಳು. ಪಾಪಸುಕಳ್ಳಿಯ ಎಲೆ ಸುಟ್ಟು ಕೊಡುತ್ತೇವೆ, ಅದಕ್ಕೆ ಬರೀ ಉಪ್ಪು, ನಿಂಬೆ ಎಂದಳು. ಅತ್ತಿಗೆಗೆ ಒಪ್ಪಿಗೆಯಾಯಿತು. ಜೊತೆಗೆ ರೊಟ್ಟಿ, ಬೆಣ್ಣೆಹಣ್ಣು, ಅರೆದು ಒಗ್ಗರಿಸಿದ ಕಪ್ಪು ಅವರೆಯಂಥ ಕಾಳು.

"ಕಾಳಿಗೆ ಎಂತ ಹಾಕ್ತಾರೆ, ಕೇಳು ಒಮ್ಮೆ," ಎಂದರು ಅತ್ತಿಗೆ.

ಕೇಳಿದೆ. ಅವಳು ತನಗೆ ಗೊತ್ತಿದ್ದರೂ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದಳು. "ಹಂದಿಯ ಕೊಬ್ಬು ಸ್ವಾಮಿ. ಈ ಅಮ್ಮ ತಿನ್ನುವುದಿಲ್ಲವಾದರೆ ಎಣ್ಣೆಯಲ್ಲಿ ಬೇರೆ ಮಾಡಿಸುತ್ತೇನೆ. ಭಾನುವಾರ ನೋಡಿ, ಒಂದು ಗಂಟೆ ಹಿಡಿಯಬಹುದು," ಎಂದಳು.

ಮೂವರೂ ನನ್ನ ಮುಖ ನೋಡುತ್ತಿದ್ದರು. ಹಸಿವು ಒಂದು ಕಾರಣ. ಗೋದಾಮಿನಲ್ಲಿ ಜೊತೆಗಾರರ ಬುತ್ತಿಯಿಂದ ಇದೇ ಕಾಳನ್ನು ಎಷ್ಟೋ ಸಲ ತಿಂದಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಿಂದರೆ ಏನಾಗುತ್ತದೆ ಎಂಬ ಧೈರ್ಯ ಇನ್ನೊಂದು. ಮತ್ತೆ ಎದ್ದು ಪಾರ್ಕಿನ ಬೆಂಚಿಗೆ ಹೋಗುವುದು ನನಗೆ ಬೇಡವಾಗಿತ್ತು.

"ಎಣ್ಣೆಯಂತೆ," ಎಂದೆ. ಅವಳಿಗೆ ಅವಳ ಭಾಷೆಯಲ್ಲಿ, "ಪರವಾಗಿಲ್ಲ, ಅದನ್ನೇ ತನ್ನಿ," ಎಂದೆ.

"ಅಮ್ಮನಿಗೂ?"

"ಅವರಿಗೂ."

ಅತ್ತಿಗೆ ಎರಡು ಸಲ ಹಾಕಿಸಿಕೊಂಡು ಉಂಡರು. ಅವರು ಹಾಗೆ ಉಂಡದ್ದನ್ನು ಅಣ್ಣ ಹೋದ ಮೇಲೆ ನಾನು ನೋಡಿರಲಿಲ್ಲ. "ಎಂಥ ರುಚಿ ಮಾರಾಯ! ಇದನ್ನು ಕಲಿಯದೆ ನಾನು ಊರಿಗೆ ಬರುವುದಿಲ್ಲ," ಎಂದು ಎದ್ದೇಬಿಟ್ಟರು. ರಶ್ಮಿಯ ಕೈ ಹಿಡಿದುಕೊಂಡು, ನವಿಲನ್ನು ಬಳಸಿ, ಅಡುಗೆಮನೆಯ ಕಡೆ ನಡೆದರು. ನಾನು ಕುರ್ಚಿಯಲ್ಲೇ ಉಳಿದೆ. ಅಲ್ಲಿ ಅವರು ಬಾಣಲೆ ತೋರಿಸಿ ಕೈಸನ್ನೆಯಲ್ಲಿ ಕೇಳಿದರಂತೆ. ಅಡುಗೆಯವಳು ಸಂತೋಷದಿಂದ ಒಂದು ಬಿಳಿ ಡಬ್ಬಿ ತೆಗೆದು ಮುಂದೆ ಹಿಡಿದಳಂತೆ. ಒಳಗೆ ಡಾಲ್ಡಾದಂತೆ ಕಾಣುವ ಗಟ್ಟಿ ಕೊಬ್ಬು. ಡಬ್ಬಿಯ ಮೇಲೆ ಹಂದಿಯ ಚಿತ್ರ.

"ಅಪ್ಪಾ!" ಎಂದು ರಶ್ಮಿ ಕೂಗಿದಳು.

ನಾನು, ಸುಮತಿ ಹೋಗುವಷ್ಟರಲ್ಲಿ ಬಡಿಸಿದ ಹೆಂಗಸೂ ಬಂದಿದ್ದಳು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ನಾನು ನಿಮಗೆ ಹೇಳಿದೆನಲ್ಲ ಸ್ವಾಮಿ," ಎಂದಳು ಅವಳು. "ಹಂದಿಯ ಕೊಬ್ಬು ಎಂದೇ ಹೇಳಿದೆ. ಅಮ್ಮನಿಗೆ ಹೇಳಿ, ನಾನು ಹೇಳಿದ್ದೆ ಎಂದು."

"ಎಂತ ಹೇಳ್ತಾಳೆ?" ಎಂದು ಕೇಳಿದರು ಅತ್ತಿಗೆ.

"ತಪ್ಪಾಯಿತಂತೆ," ಎಂದೆ. "ಸರಿಯಾಗಿ ವಿಚಾರಿಸದೆ ಹೇಳಿಬಿಟ್ಟಳಂತೆ."

"ಅನ್‌ಬಿಲೀವಬಲ್!" ಎಂದಳು ರಶ್ಮಿ. "ಅವಳು ಕಿಚನ್‌ಗೆ ಹೋಗಿ ಬಂದ್ಳು, ನಾನು ನೋಡ್ದೆ. ಐ ವಿಲ್ ಟಾಕ್ ಟು ದ ಮ್ಯಾನೇಜರ್."

"ಬೇಡ ಮಗಾ," ಎಂದಳು ಸುಮತಿ. ರಶ್ಮಿ ಆಗಲೇ ಹೋಗಿದ್ದಳು.

ಮ್ಯಾನೇಜರನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಬಂದವನು ಹೆಂಗಸನ್ನು ಎಲ್ಲರೆದುರೇ ಬೈದ. ಅವಳು ನನ್ನ ಕಡೆ ಕೈ ತೋರಿಸಿ, "ಇವರಿಗೆ ಹೇಳಿದ್ದೆ," ಎಂದಳು. ಅವನು ನನ್ನನ್ನು ಸ್ಪ್ಯಾನಿಷಿನಲ್ಲೇ ಕೇಳಿದ: "ಹೇಳಿದ್ದಳಾ ಸ್ವಾಮಿ?"

"ಇಲ್ಲ," ಎಂದೆ.

ಅವಳು ಸಿಟ್ಟಿನಿಂದ ನೋಡಲಿಲ್ಲ. ಮರ್ಯಾದಸ್ಥರ ಮನೆಯವನು ಹೀಗೂ ಹೇಳುತ್ತಾನೆಯೇ ಎಂದು ಬೆರಗಾದವಳ ಹಾಗೆ ನೋಡಿದಳು. ಮ್ಯಾನೇಜರು ಅವಳನ್ನು ಮೇಜುಗಳಿಂದ ತೆಗೆದು ಪಾತ್ರೆ ತೊಳೆಯುವಲ್ಲಿಗೆ ಕಳಿಸಿದ. ಬಡಿಸುವವರಿಗೆ ಸಂಬಳಕ್ಕಿಂತ ಗಿರಾಕಿಗಳು ಇಟ್ಟುಹೋಗುವ ದುಡ್ಡೇ ಮುಖ್ಯ, ಅದರಲ್ಲೂ ಭಾನುವಾರ. ಇದು ನನಗೆ ಗೊತ್ತಿತ್ತು.

ಅತ್ತಿಗೆ ತೋಟದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದರು. "ಅವಳಿಗೆ ಬೈಬೇಡಿ ಅಂತ ಹೇಳು ರಾಘವ. ನನಗೆ ಸಿಟ್ಟಿಲ್ಲ. ತಿಳಿಯದೆ ಆದದ್ದು." ನಾನು ಮ್ಯಾನೇಜರನಿಗೆ ಅದನ್ನು ಹೇಳಿದೆ. ಅವನು, "ಅದು ನಮ್ಮ ವಿಷಯ, ನೀವು ತಲೆ ಕೆಡಿಸಿಕೊಳ್ಳಬೇಡಿ," ಎಂದು ಸೀಬೆಹಣ್ಣಿನ ಹಲ್ವದ ತಟ್ಟೆ ಕಳಿಸಿದ. ನಾವು ಮುಟ್ಟಲಿಲ್ಲ. ಹೊರಗೆ ಬರುವಾಗ ಅವಳು ನಮಗೆ ಬೆನ್ನು ಮಾಡಿ ತಟ್ಟೆ ಉಜ್ಜುತ್ತಿದ್ದಳು.

ಆ ಸಂಜೆ ಅತ್ತಿಗೆ ಏನೂ ತಿನ್ನಲಿಲ್ಲ. "ರುಚಿ ಇತ್ತು ಮಾರಾಯ್ತಿ, ಅದೇ ಸಂಕಟ," ಎಂದು ಸುಮತಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಮರುದಿನ ತಲೆಗೆ ಸ್ನಾನ ಮಾಡಿ ಎಂದಿನಂತಾದರು. ವಾಪಸು ಹೋಗುವ ಬಸ್ಸಿಗೆ ಸಮಯವಿತ್ತು. ವಾಕಿಂಗ್ ಎಂದು ಹೇಳಿ ನಾನು ಒಬ್ಬನೇ ಆ ಬಾಗಿಲಿನವರೆಗೆ ನಡೆದೆ. ತೋಟದವನು ನೀರು ಬಿಡುತ್ತಿದ್ದ, ಒಳಗೆ ಮೇಜು ಒರೆಸುವ ಸದ್ದು ಬರುತ್ತಿತ್ತು. ಸೋಮವಾರ ಮುಚ್ಚಿತ್ತು ಎಂದು ಇಲ್ಲಿ ಬರೆಯಬಹುದಿತ್ತು. ಮುಚ್ಚಿರಲಿಲ್ಲ. ಬೀದಿಯಲ್ಲಿ ಹುಣಸೆಹಣ್ಣಿನ ಮಿಠಾಯಿ ಕೊಂಡುಕೊಂಡು ಹಿಂದಿರುಗಿದೆ. ಬಸ್ಸು ಘಟ್ಟ ಹತ್ತುವಾಗ ಊರು ಕೆಳಗೆ ಜಕರಂದದ ನಡುವೆ ಕಾಣುತ್ತಿತ್ತು. ಎಲ್ಲರೂ ನೋಡಿದರು. ನಾನು ನೋಡಲಿಲ್ಲ.

ಷಾರ್ಲೆಟ್‌ಗೆ ಬಂದ ಮೇಲೆ ಈ ಕತೆ ಹಬ್ಬಿತು. ಅತ್ತಿಗೆಗೆ ಕತೆ ಹೇಳುವ ಕಲೆ ಇದೆ. ಒಂದು ಸತ್ಯನಾರಾಯಣ ಪೂಜೆಯಲ್ಲಿ ಅವರು ಡಬ್ಬಿ ಹಿಡಿದು ತೋರಿಸುವ ಅಭಿನಯ ಮಾಡಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಆಂಟಿ, ಮುಂದಿನ ಪಿಕ್ನಿಕ್‌ಗೆ ನಿಮ್ಮನ್ನ ನಾನ್‌ವೆಜ್ ಲೈನಲ್ಲಿ ನಿಲ್ಲಿಸ್ತೀವಿ," ಎಂದ ಒಬ್ಬ. ಇನ್ನೊಬ್ಬಾಕೆ ನನ್ನ ಕಡೆ ತಿರುಗಿ, "ಅಲ್ಲಿಯವರು ಹಾಗೇ ಅಲ್ವಾ ಅಂಕಲ್? ಬಾಯಿಗೆ ಬಂದ ಸುಳ್ಳು ಹೇಳ್ಬಿಡ್ತಾರೆ," ಎಂದಳು. ನಾನು ತಲೆಯಾಡಿಸಿದೆ. ಅಟ್ಲಾಂಟದಲ್ಲಿ ನನ್ನ ಪಾಲಿನ ಮೂಟೆಯನ್ನೂ ಹೊತ್ತವರು, ಬುತ್ತಿ ಹಂಚಿಕೊಂಡವರು ಅವರೇ, ಆದರೂ ತಲೆಯಾಡಿಸಿದೆ.

ಹೋದ ತಿಂಗಳು ಸೆಂಟರ್‌ವಿಲ್‌ಗೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ. ಅವರು ಬೀನ್ಸ್ ಹೆಚ್ಚುತ್ತಿದ್ದರು. ಚಾಕು ಕೆಳಗಿಟ್ಟರು.

"ಕೊಬ್ಬು ಹೊಟ್ಟೆಯಿಂದ ಯಾವತ್ತೋ ಹೋಯ್ತು ರಾಘವ," ಎಂದರು. "ಆದರೆ ಆ ಹೆಂಗಸಿನ ಮೇಲೆ ನನ್ನ ಬಾಯಿಂದ ಇಷ್ಟು ದಿನ ಸುಳ್ಳು ಹೇಳಿಸಿದೆಯಲ್ಲ. ಊರಿಡೀ ನಗಿಸಿದೆ ನಾನು."

"ತಪ್ಪಾಯಿತು ಅತ್ತಿಗೆ."

"ನನ್ನ ಹತ್ತಿರ ಹೇಳಿ ನೀನು ಹಗುರ ಆಗ್ಲಿಕ್ಕೆ ಬಂದದ್ದು. ಅವಳ ಕೆಲಸ ಉಳೀತೋ ಹೋಯ್ತೋ ಯಾರಿಗೆ ಗೊತ್ತು? ಹೋಗಿ ಸಂಘದವರಿಗೆ ಬರೆದು ಕೊಡು. ನಕ್ಕವರೆಲ್ಲ ಓದಲಿ."

ಅದಕ್ಕೇ ಬರೆದೆ. ಆ ರೆಸ್ಟೋರೆಂಟಿಗೆ ಒಮ್ಮೆ ಫೋನು ಮಾಡಿದೆ. ಎತ್ತಿಕೊಂಡವನಿಗೆ ಅವಳ ನೆನಪಿಲ್ಲ, ಅಂಥವರು ಈಗ ಅಲ್ಲಿ ಯಾರೂ ಇಲ್ಲ ಎಂದ. ನಮ್ಮ ಮನೆಗಳಲ್ಲಿ 'ಸುಳ್ಳು ಹೇಳಿದ ಮೆಕ್ಸಿಕೋದ ಹೆಂಗಸು' ಎಂದೇ ಹೆಸರಾದವಳು ಸುಳ್ಳು ಹೇಳಿರಲಿಲ್ಲ. ಕೇಳಿದಾಗ ಹೇಳಿದ್ದಳು, ಅಡುಗೆಮನೆಯಲ್ಲಿ ಹೇಳಿದಳು, ಮ್ಯಾನೇಜರನ ಎದುರೂ ಹೇಳಿದಳು. ಶರಬತ್ತು ತಂದಿಟ್ಟಾಗ ತನ್ನ ಹೆಸರನ್ನೂ ಹೇಳಿದ್ದಳು. ನಾನು ಅದನ್ನು ಈವರೆಗೆ ಯಾರಿಗೂ ಅನುವಾದಿಸಿ ಹೇಳಿರಲಿಲ್ಲ. ಎಲ್ವಿರಾ.