ಡ್ರಿಲ್ ಟೀಚರ್ ಮತ್ತು ನನ್ನ ದಿಲ್‌ಪಸಂದ್

ಡ್ರಿಲ್ ಟೀಚರ್ ಗಲ್ಲದ ಮೇಲೆ ನಾಲ್ಕೈದು ಒರಟು ಕೂದಲಿದ್ದವು. ಕೀಳುತ್ತಿರಲಿಲ್ಲ, ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ವಾಯಿಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು, "ಎದ್ಯೇನೇ ಮಾರಾಯ್ತಿ?" ಎಂದು ಕೂಗುತ್ತಿದ್ದರು. ನಾನು ಎಬ್ಬಿಸಿದರೆ ಏಳದ ಹೆಂಡತಿ ಆ ಕೂಗಿಗೆ ಚಂಗನೆ ಏಳುತ್ತಿದ್ದಳು. ನನ್ನ ಉರಿ ಅಲ್ಲಿಂದಲೇ ಶುರು.

ಭದ್ರಾವತಿಯಲ್ಲಿ ನಮ್ಮ ಮನೆಗೂ ಟೀಚರ್ ಮನೆಗೂ ನಡುವೆ ಒಂದೇ ಗೋಡೆ. ಟೀಚರ್ ರಿಟೈರಾಗಿ ಒಬ್ಬರೇ ಇದ್ದರು. ನಾನು ಶಿವಮೊಗ್ಗದ ಸವಳಂಗ ರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮುಗಿಸಿ, ಬಸ್ಸು ಹಿಡಿದು ಮನೆ ಸೇರುವಾಗ ಹತ್ತಾಗುತ್ತಿತ್ತು. ಮದುವೆಯಾಗಿ ಮೂರು ವರ್ಷವಾದರೂ ಮಗುವಿರಲಿಲ್ಲ. ಹೆಂಡತಿಗೆ ಮುಟ್ಟು ಯಾವಾಗಲೋ ಒಮ್ಮೆ. ಮೈ ದಪ್ಪವಾಗುತ್ತಲೇ ಇತ್ತು. ವಿದ್ಯಾನಗರದ ಲೇಡಿ ಡಾಕ್ಟರ್ ಸ್ಕ್ಯಾನ್ ಮಾಡಿಸಿ ಪಿಸಿಓಡಿ, ಅಂಡಾಶಯದ ತೊಂದರೆ ಎಂದರು. ಮಾತ್ರೆ ಬರೆದರು. ತೂಕ ಇಳಿಸಬೇಕು, ಸಿಹಿ ಬಿಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ನಡೆಯಬೇಕು ಎಂದೂ ಹೇಳಿದರು. ನಾನು ಮಾತ್ರೆಯ ಮಾತಷ್ಟೇ ಕೇಳಿಸಿಕೊಂಡೆ. ಉಳಿದದ್ದನ್ನು ಹೆಂಡತಿ ಟೀಚರಿಗೆ ಹೇಳಿದಳು.

ಆಮೇಲೆ ನಮ್ಮ ಅಡುಗೆಮನೆ ಟೀಚರ್ ಕೈಗೆ ಹೋಯಿತು. ತಟ್ಟೆಯಲ್ಲಿ ಅನ್ನ ಇಳಿಯಿತು, ಹೆಸರುಕಾಳು, ಸೊಪ್ಪು ಏರಿದವು. ಬಸ್ ಸ್ಟ್ಯಾಂಡ್ ಬೇಕರಿಯಿಂದ ನಾನು ದಿನಾ ತರುತ್ತಿದ್ದ ದಿಲ್‌ಪಸಂದನ್ನು ಅವಳು ಮುಟ್ಟುವುದನ್ನೇ ಬಿಟ್ಟಳು. ನಾನು ಅವಳಿಗೆ ಕೊಡುತ್ತಿದ್ದುದು ಅದೊಂದೇ. ಬೆಳಿಗ್ಗೆ ಇಬ್ಬರೂ ಚಾನಲ್ ದಂಡೆಯಲ್ಲಿ ವಾಕಿಂಗ್ ಮುಗಿಸಿ ನಗುತ್ತ ಬರುತ್ತಿದ್ದರು. ನನ್ನನ್ನು ಕಂಡ ಕೂಡಲೇ ನಗು ನಿಲ್ಲುತ್ತಿತ್ತು.

ಒಂದು ದಿನ ಬಂದು ನೋಡಿದರೆ ಹೆಂಡತಿ ಆಗಲೇ ಉಂಡಿದ್ದಳು. ನಮ್ಮ ಮನೆಯಲ್ಲಿ ಗಂಡ ಉಣ್ಣದೆ ಹೆಂಡತಿ ಉಂಡದ್ದೇ ಇಲ್ಲ. ನನ್ನಮ್ಮ ಸಾಯುವ ತನಕ ಹಾಗೇ ಇದ್ದಳು. ಬೆಳಗಾದ ಕೂಡಲೇ ಟೀಚರ್ ಮನೆಗೆ ನುಗ್ಗಿದೆ.

"ಏನ್ ಟೀಚರೇ, ಗಂಡನ್ನ ಬಿಟ್ಟು ಉಣ್ಣು ಅಂತ ನೀವೇ ಹೇಳ್ಕೊಟ್ಟಿದ್ದಾ?"

"ಹೂಂ, ನಾನೇ. ನೀನ್ ಬರೋದು ಹತ್ತಕ್ಕೆ. ಅಲ್ಲೀತನಕ ಅವಳು ಹಸಿವು ತಡೀಲಾರ್ದೆ ಚಾದಲ್ಲಿ ರಸ್ಕ್ ಅದ್ಕೊಂಡು ತಿಂತಿದ್ಲು. ನೀನ್ ಬಂದ್ಮೇಲೆ ತಟ್ಟೆ ತುಂಬ ಅನ್ನ, ಅದ್ರ ಮೇಲೆ ನಿನ್ ದಿಲ್‌ಪಸಂದ್. ಉಂಡು ಹಾಗೇ ಮಲಗ್ತಿದ್ಲು. ಮೈ ಹೇಗ್ ಇಳಿಯುತ್ತೆ ಮಾರಾಯ?"

"ಪ್ರೀತಿಗೆ ತರ್ತೀನ್ರಿ ಅದನ್ನ!"

"ಪ್ರೀತಿಗೆ ಬೇಯಿಸಿದ ಶೇಂಗಾ ತಾ. ಬೇಡ ಅಂದೋರ್ ಯಾರು?"

ಸಿಟ್ಟು ನೆತ್ತಿಗೇರಿತು. "ಗಂಡ ಇಲ್ಲ, ಮಕ್ಳಿಲ್ಲ, ನಿಮಗೇನ್ರಿ ಗೊತ್ತು?"

ಟೀಚರ್ ಗಲ್ಲ ಸವರಿಕೊಂಡರು. "ಅದಕ್ಕೇ ಗೊತ್ತು. ನಂಗೂ ಇದೇ ಕಾಯಿಲೆ ಇತ್ತು, ಈ ಕೂದ್ಲು ಅದ್ರದ್ದೇ. ಆಗ ಯಾರೂ ಇದಕ್ಕೊಂದು ಹೆಸ್ರು ಹೇಳ್ಲಿಲ್ಲ. ಕೊನೆಗೆ ಶುಗರ್ ಬಂತು. ನಿನ್ ಹೆಂಡ್ತಿನೂ ದಿನಾ ಬಚ್ಚಲ ಚಿಲಕ ಹಾಕ್ಕೊಂಡು ಗಲ್ಲದ ಕೂದ್ಲು ಕೀಳ್ತಾಳೆ. ನೋಡಿದೀಯಾ?"

ನೋಡಿರಲಿಲ್ಲ. ಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆವು. ನನ್ನಿಂದ ಬಚ್ಚಿಟ್ಟದ್ದನ್ನು ಅವಳು ಇವರಿಗೆ ತೋರಿಸಿದ್ದಳು. ಆ ಹೊಟ್ಟೆಕಿಚ್ಚು ಇವತ್ತಿಗೂ ಪೂರಾ ಆರಿಲ್ಲ.

"ಒಟ್ಟಿಗೇ ಉಣ್ಬೇಕು ಅಂತಿದ್ರೆ ಡಬ್ಬಿ ತಗೊಂಡ್ ಹೋಗು," ಎಂದರು ಟೀಚರ್. "ಏಳೂವರೆಗೆ ನೀನ್ ಅಲ್ಲಿ ಮುಚ್ಚಳ ತೆಗಿ. ಅವಳು ಇಲ್ಲಿ ತಟ್ಟೆ ಹಾಕ್ಕೊಳ್ಲಿ."

ಹಾಗೇ ಮಾಡಿದೆ. ಗ್ರೀಸ್ ಕೈ ತೊಳೆದು ಡಬ್ಬಿ ತೆಗೆದರೆ ಗ್ಯಾರೇಜಿನವರು, "ಏನ್ ಗುರು, ಮನೇಲಿ ಊಟ ಬಂದ್ ಆಯ್ತಾ?" ಎಂದು ನಕ್ಕರು. ಬೇಕರಿ ಬಿಟ್ಟು ಶೇಂಗಾ ಗಾಡಿಗೆ ಹೋದೆ. ವರ್ಷ ತುಂಬುವುದರೊಳಗೆ ಮುಟ್ಟು ತಿಂಗಳು ತಿಂಗಳು ಬರತೊಡಗಿತು. ಅದೂ ಮೊದಲು ಗೊತ್ತಾದದ್ದು ಟೀಚರಿಗೆ. ಮಗುವಿಗೆ ಇನ್ನೂ ಕಾಯಿರಿ ಎಂದಿದ್ದಾರೆ ಡಾಕ್ಟರ್. ಆದರೆ ಹೆಂಡತಿ ಈಗ ಬಚ್ಚಲ ಚಿಲಕ ಹಾಕುವುದಿಲ್ಲ.

ಹೋದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಶುಗರ್ ಕಿಡ್ನಿಗೆ ಇಳಿದಿತ್ತು. ಹೆಂಡತಿ ಅತ್ತದ್ದು ನೋಡಿದರೆ, ನಾನು ಸತ್ತರೂ ಅಷ್ಟು ಅಳುತ್ತಾಳೋ ಇಲ್ಲವೋ. ಆಮೇಲೆ ಅವಳ ಜೊತೆ ವಾಕಿಂಗಿಗೆ ನಾನೇ ಹೊರಟೆ. ಚಾನಲ್ ದಂಡೆಯಲ್ಲಿ ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ.

"ಬೇಗ ಬನ್ರೀ. ಟೀಚರ್ ಕಾಲು ಊದ್ಕೊಂಡಿದ್ರೂ ನಿಮಗಿಂತ ಜೋರಾಗಿ ನಡೀತಿದ್ರು."

ಸತ್ತವರ ಮೇಲೂ ಹೊಟ್ಟೆ ಉರಿಯಿತು. ಹೆಜ್ಜೆ ಜೋರು ಮಾಡಿದೆ.