ಎಡ ಚಕ್ರದ ಸೋಮಾರಿತನ

ಚಿಂತಾಮಣಿಯ ಅಸ್ಗರ್ ಮೆಕ್ಯಾನಿಕ್‌ಗೆ ಒಂದು ಜಂಬವಿತ್ತು. ಯಂತ್ರದ ಬಗ್ಗೆ ಮನುಷ್ಯರು ಹೇಳುವ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಯಜಮಾನ ಡ್ರೈವರನ್ನು ಬೈಯುತ್ತಾನೆ, ಡ್ರೈವರು ಡೀಸೆಲನ್ನು ಬೈಯುತ್ತಾನೆ, ಯಂತ್ರವೊಂದೇ ಯಾರನ್ನೂ ಬೈಯುವುದಿಲ್ಲ ಎನ್ನುತ್ತಿದ್ದ. ಈ ಬುದ್ಧಿ ಬಂದದ್ದು ಶಿಡ್ಲಘಟ್ಟದಲ್ಲಿ. ಅವನ ತಾಯಿ ಖುರ್ಷಿದ್ ಬೀ ಅಲ್ಲಿನ ಒಂದು ಫಿಲೇಚರ್ ಕಾರ್ಖಾನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಎಳೆ ಹರಿದಾಗಲೆಲ್ಲ ಬೈಗುಳ ಬೀಳುತ್ತಿದ್ದುದು ಅವಳ ಬೆರಳಿಗೆ. ರಾಟೆಯ ಅಚ್ಚು ಸವೆದಿದ್ದನ್ನು ಒಬ್ಬನೂ ಬಗ್ಗಿ ನೋಡಲಿಲ್ಲ. ಆ ರಾಟೆಗಳನ್ನೇ ರಿಪೇರಿ ಮಾಡುತ್ತ ಕೈ ಕುದುರಿಸಿಕೊಂಡ ಅಸ್ಗರ್, ಆಮೇಲೆ ಮಣ್ಣೆತ್ತುವ ದೊಡ್ಡ ಯಂತ್ರಗಳಿಗೆ ಬಂದ. ತಲೆ ನರೆತರೂ ಆ ಸಿಟ್ಟು ಆರಿರಲಿಲ್ಲ.

ಕೆಂಚಾರ್ಲಹಳ್ಳಿಯ ಹತ್ತಿರ ವೆಂಕಟರವಣಪ್ಪನ ಕೋಳಿ ಫಾರಂ ಇದೆ. ಶೆಡ್ಡಿನಡಿಯ ಗೊಬ್ಬರ ಬಾಚಲು ಅಲ್ಲೊಂದು ಗಿಡ್ಡ ಲೋಡರ್. ಅದಕ್ಕೆ ಸ್ಟೇರಿಂಗ್ ಇಲ್ಲ, ಎರಡು ಲಿವರ್ ಅಷ್ಟೆ. ಎಡಗೈಯದು ಎಡಬದಿಯ ಚಕ್ರಗಳಿಗೆ, ಬಲಗೈಯದು ಬಲಬದಿಯವಕ್ಕೆ. ಎಡ ಚಕ್ರಗಳು ಜೋರಾಗಿ ಓಡಿದರೆ ಗಾಡಿ ಬಲಕ್ಕೆ ತಿರುಗುತ್ತದೆ. ಅದನ್ನು ಓಡಿಸುತ್ತಿದ್ದವಳು ಪವಿತ್ರ. ಗೊಬ್ಬರ ಹೊರುವ ಕೂಲಿಗೆ ಬಂದವಳು, ನೋಡಿ ನೋಡಿ ಕಲಿತು ಸೀಟು ಹತ್ತಿದ್ದಳು. ಅಮಾವಾಸ್ಯೆ ಕಳೆದಾಗಿನಿಂದ ಗಾಡಿ ಬಲಕ್ಕೆ ತಿರುಗಲು ಒಲ್ಲೆ ಎನ್ನುತ್ತಿತ್ತು. ಎಡ ಚಕ್ರಗಳಿಗೆ ದಮ್ಮೇ ಇಲ್ಲ.

"ಹೆಣ್ಣುಮಗಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ಸಾಬ್ರೇ," ಎಂದ ವೆಂಕಟರವಣಪ್ಪ. "ಎಳೆದೂ ಎಳೆದೂ ಎಡಗಡೆ ಮೋಟ್ರು ಕೆಡಿಸಿಬಿಟ್ಟವ್ಳೆ. ನೀವು ಹೂಂ ಅಂದ್ರೆ ಸಾಕು, ನಾಳೆಯಿಂದ ನಮ್ ತಂಗಿ ಮಗ ಮುರಳಿಮೋಹನ್ ಕೂತ್ಕೋತಾನೆ."

"ಇಲ್ಲಣ್ಣ," ಎಂದಳು ಪವಿತ್ರ ಅಸ್ಗರನಿಗೆ. "ಲಿವರ್ ತಳ್ಳಿದ್ರೆ ದಿಂಬಿಗೆ ತಾಗಿದಂಗೆ ಮೆತ್ತಗೆ ನಿಂತೋಗ್ತದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದ ವೆಂಕಟರವಣಪ್ಪ.

ಅಸ್ಗರ್ ತನ್ನ ಪದ್ಧತಿಯಂತೆ ಇಬ್ಬರ ಮಾತನ್ನೂ ಬಿಟ್ಟ. ಆಯಿಲ್ ನೋಡಿದ, ಸರಿಯಿತ್ತು. ನಾಲ್ಕೂ ಟೈರಿನ ಗಾಳಿ ನೋಡಿದ, ಅದೂ ಸರಿ. ಎಡಬದಿಗೊಂದು, ಬಲಬದಿಗೊಂದು ಪಂಪು, ಅವುಗಳಿಂದ ಚಕ್ರದ ಮೋಟಾರುಗಳಿಗೆ ಆಯಿಲ್ ಒಯ್ಯುವ ಪೈಪುಗಳು. ಅವನ್ನು ಬಿಚ್ಚಿ ಅದಲು ಬದಲು ಜೋಡಿಸಿದ. ಬಿಸಿಲು ನೆತ್ತಿಗೇರುವವರೆಗೂ ಅದೇ ಕೆಲಸ. ಸ್ಟಾರ್ಟ್ ಮಾಡಿದರೆ ಈಗ ಎಡ ಚಕ್ರಗಳು ಹುರುಪಾಗಿ ತಿರುಗಿದವು, ಸೋಮಾರಿತನ ಬಲಕ್ಕೆ ದಾಟಿತ್ತು.

"ಮೋಟ್ರು ಚೆನ್ನಾಗಿದೆ," ಎಂದ.

"ಹಂಗಾದ್ರೆ ಪಂಪು ಕೆಡಿಸವ್ಳೆ," ಎಂದ ವೆಂಕಟರವಣಪ್ಪ. ಅಳಿಯ ಅಲ್ಲ, ಮಗಳ ಗಂಡ ಅಂದಂತಾಯಿತು.

ಅಸ್ಗರ್ ಪೈಪುಗಳನ್ನು ಮೊದಲಿನಂತೆ ಕೂಡಿಸಿದ. ಪಂಪು ಬಿಚ್ಚುವ ಮೊದಲು, ಲಿವರಿನಿಂದ ಪಂಪಿಗೆ ಹೋಗುವ ಕಂಬಿ ನೋಡೋಣವೆಂದು ಸೀಟು ಎತ್ತಿದ. ಕಂಬಿ ಓಡಾಡುವ ಜಾಗದಲ್ಲಿ ಅರಿಶಿನದ ಬಟ್ಟೆಯ ಗಂಟೊಂದು ಬಿಗಿಯಾಗಿ ಕೂತಿತ್ತು. ಎಡಗಡೆಯ ಕಂಬಿ ಅದಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು, ಮೆತ್ತಗೆ. ಪಂಪು ಪೂರ್ತಿ ತೆರೆಯುವುದಾದರೂ ಹೇಗೆ? ಇದನ್ನೇ ಅಲ್ಲವೇ ಅವಳು ಬೆಳಿಗ್ಗೆ ಹೇಳಿದ್ದು! ಅಸ್ಗರನಿಗೆ ನಾಚಿಕೆಯಾಯಿತು. ಯಾರ ಮಾತೂ ಕೇಳದವನು ನ್ಯಾಯವಂತನೆಂದು ಅವನು ಇಷ್ಟು ವರ್ಷ ನಂಬಿದ್ದ. ತಾಯಿಯ ಮಾತನ್ನೂ ಯಾರೂ ಕೇಳಿರಲಿಲ್ಲ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಗ್ರೀಸ್ ಮೆತ್ತಿದ ಕೈಯಲ್ಲಿ ಅವನು ಗಂಟು ಮುಟ್ಟಲಿಲ್ಲ. "ಇದು ದೇವರದು. ಕಟ್ಟಿದೋರೇ ಬಿಚ್ಚಲಿ ಅಣ್ಣಾ," ಎಂದ.

ವೆಂಕಟರವಣಪ್ಪನ ಮುಖ ಸಪ್ಪಗಾಯಿತು. ಚಪ್ಪಲಿ ಬಿಟ್ಟು ಗಾಡಿ ಹತ್ತಿ, ಗಂಟನ್ನು ಅಲ್ಲಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. "ಅಮಾವಾಸ್ಯೆ ದಿನ ನಾನೇ ಕಟ್ಟಿದ್ದು, ದೃಷ್ಟಿ ಆಗ್ದಿರ್ಲಿ ಅಂತ. ಯಾರ್ಗೂ ಹೇಳ್ಬಾರ್ದು ಅಂದಿದ್ರು ಪೂಜಾರ್ರು."

"ಪವಿತ್ರಮ್ಮ ಹೇಳಿದ್ದೇ ನಿಜ," ಎಂದ ಅಸ್ಗರ್, ಸೀಟು ಕೂರಿಸುತ್ತ. "ನಾನೂ ಕೇಳ್ಲಿಲ್ಲ. ತಪ್ಪು ನಂದೂ ಇದೆ."

"ಆಯ್ತು ಬಿಡಿ. ಆದ್ರೆ ಮುರಳಿಗೆ ಮಾತು ಕೊಟ್ಬಿಟ್ಟಿದೀನಲ್ಲ," ಎನ್ನುತ್ತ ವೆಂಕಟರವಣಪ್ಪ ಕೆಳಗಿಳಿದ.

ಅಸ್ಗರನಿಗೆ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಪವಿತ್ರ ಅವನನ್ನು ದಾಟಿ ಸೀಟು ಹತ್ತಿ ಕೂತಿದ್ದಳು. ಎಂಜಿನ್ ಗುಡುಗಿತು. "ಏಯ್, ಇಳಿಯೇ!" ಎಂದು ವೆಂಕಟರವಣಪ್ಪ ಕೂಗಿದ. ಕೈ ಅಡ್ಡ ಹಿಡಿಯೋಣವೆಂದರೆ ಎರಡೂ ಕೈಯಲ್ಲಿ ದೇವರು. ಕೆಳಗಿಡೋಣವೆಂದರೆ ಅಂಗಳದ ತುಂಬ ಕೋಳಿ ಗೊಬ್ಬರ. ಅವಳು ಎಡ ಲಿವರನ್ನು ಪೂರ್ತಿ ತಳ್ಳಿದಳು. ಗಾಡಿ ನಿಂತ ಜಾಗದಲ್ಲೇ ಬಲಕ್ಕೆ ಸುತ್ತಿತು. ವೆಂಕಟರವಣಪ್ಪ ಗಂಟನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಗೊಬ್ಬರ ತುಳಿಯುತ್ತ ಪಕ್ಕಕ್ಕೆ ಸರಿದ. ಲೋಡರ್ ಶೆಡ್ಡಿನೊಳಗೆ ನುಗ್ಗಿತು.

ಮಧ್ಯಾಹ್ನ ಗೊಬ್ಬರ ಹೊರುವ ಹೆಂಗಸರು ಊಟಕ್ಕೆ ಕರೆದರು. ಅವಳು ಸೀಟು ಬಿಟ್ಟು ಇಳಿಯಲಿಲ್ಲ.