ಸಭಾಮಂದಿರದಲ್ಲಿ ಎಳ್ಳುಬೆಲ್ಲ

ನಾವಿರುವ ಈ ಪರದೇಶದ ಬಡಾವಣೆ ಫ್ಲ್ಯಾಟ್ ಬುಷ್‌ನ ಒಂದು ಶಾಲೆಯ ಹಾಲನ್ನು ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ನಮ್ಮ ಕನ್ನಡ ಕ್ರೈಸ್ತ ಸಭೆ ನಡೆಯುತ್ತದೆ. ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನು. ಆ ಕೆಲಸವೆಂದರೆ ನನಗೆ ಪ್ರಾಣ. ಹುಟ್ಟಿನಿಂದ ಕ್ರೈಸ್ತಳಲ್ಲ, ಮೈಸೂರಿನ ಹಿಂದೂ ಮನೆಯವಳು, ಕಾಲೇಜಿನಲ್ಲಿದ್ದಾಗ ಯೇಸುವನ್ನು ನಂಬಿದವಳು.

ಈ ಸಲ ಸಂಕ್ರಾಂತಿಯ ವಾರದ ಪಾಠ, ಮೊದಲ ಶಿಷ್ಯರು ಯೆಹೂದ್ಯರ ನಡುವೆ ಸುವಾರ್ತೆ ಸಾರಿದ ಕಥೆ. ಅವರು ಯಾವ ಊರಿಗೆ ಹೋದರೂ ಮೊದಲು ಸಭಾಮಂದಿರಕ್ಕೆ ಹೋಗುತ್ತಿದ್ದರು ಎಂದೆ. ಒಬ್ಬಳು ಹುಡುಗಿ ಕೈ ಎತ್ತಿದಳು.

"ಸೋ ದೇ ವೆಂಟ್ ಟು ಚರ್ಚ್, ಆಂಟಿ?"

ತಪ್ಪು ಅವಳದಲ್ಲ. ಚರ್ಚನ್ನು ನಾವು ಸಭೆ ಅನ್ನುತ್ತೇವೆ; ಸಭೆ ಸೇರುವ ಜಾಗ ಸಭಾಮಂದಿರ ತಾನೆ!

"ಇಲ್ಲ ಪುಟ್ಟಿ, ಅದು ಯೆಹೂದ್ಯರ ಪ್ರಾರ್ಥನೆ ಮನೆ. ಶಿಷ್ಯರೂ ಯೆಹೂದ್ಯರೇ ಅಲ್ವಾ? ಯೇಸುನ ನಂಬಿದ್ಮೇಲೂ ಅಲ್ಲಿಗೇ ಹೋಗ್ತಿದ್ರು, ತಮ್ಮ ಹಬ್ಬ ಮಾಡ್ತಿದ್ರು. ಅಮ್ಮನ ಮನೆ ಬಿಟ್ಟು ಓಡಿಹೋದೋರಲ್ಲ."

ಹೀಗೆಂದು ಡಬ್ಬಿ ತೆಗೆದು ಎಲ್ಲರ ಕೈಗೂ ಎಳ್ಳುಬೆಲ್ಲ ಹಾಕಿದೆ. ಪಕ್ಕದ ಮನುಕಾವ್‌ನ ಅಂಗಡಿಯಿಂದ ಕೊಬ್ಬರಿ ತಂದು, ವಿಡಿಯೊ ಕಾಲ್‌ನಲ್ಲಿ ಅಮ್ಮ "ಇನ್ನೂ ಸಣ್ಣಕ್ಕೆ ಹೆಚ್ಚೇ" ಎಂದು ಗದರುತ್ತಿದ್ದಾಗ ಹೆಚ್ಚಿದ್ದು. ನಾನು ದೀಕ್ಷಾಸ್ನಾನ ಪಡೆದು ಬಂದ ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಊಟ ಬಡಿಸಿದವಳು ಆ ಅಮ್ಮ.

ಬಾಗಿಲಲ್ಲಿ ಸಭೆಯ ಹಿರಿಯರೊಬ್ಬರು ನಿಂತಿದ್ದರು. ಮಕ್ಕಳು ಹೊರಗೆ ಹೋಗುವವರೆಗೆ ಕಾದು ಹೇಳಿದರು: "ಇದೆಲ್ಲ ಹಳೇ ಜೀವನ ಕಣಮ್ಮ. ಇನ್ಮೇಲೆ ಹಿಂದೂ ಹಬ್ಬದ್ದೇನೂ ತರಲ್ಲ ಅಂತ ಮಾತು ಕೊಡು. ಇಲ್ದಿದ್ರೆ ಕ್ಲಾಸ್ ಬೇರೆಯೋರು ತಗೋತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಡಿಸೆಂಬರೆಂದರೆ ಸುಡುಬೇಸಿಗೆಯಾದ ಈ ದೇಶದಲ್ಲಿ ಇವರ ಮನೆಯ ಕ್ರಿಸ್ಮಸ್ಸಿನ ಪ್ಲಾಸ್ಟಿಕ್ ಮರಕ್ಕೆ ಹತ್ತಿಯ ಹಿಮ ಅಂಟಿಸುತ್ತಾರಲ್ಲ, ಅದನ್ನು ಯಾವ ಶಿಷ್ಯರು ಹೇಳಿಕೊಟ್ಟರಂತೆ?

"ಮಾತು ಕೊಡಲ್ಲ ಅಂಕಲ್. ಇದು ಯಾವ ದೇವರ ಮುಂದೆ ಇಟ್ಟಿದ್ದೂ ಅಲ್ಲ, ನಮ್ಮಮ್ಮ ಹೇಳಿಕೊಟ್ಟಿದ್ದು. ಕ್ಲಾಸ್ ಬೇಕಾದ್ರೆ ತಗೊಳ್ಳಿ. ಆ ಶಿಷ್ಯರನ್ನೂ ಸಭಾಮಂದಿರದಿಂದ ಆಚೆ ಹಾಕಿದ್ರು. ಮುಂದಿನ ಊರಲ್ಲಿ ಅವರು ಮತ್ತೆ ಸಭಾಮಂದಿರಕ್ಕೇ ಹೋದ್ರು."

ಕ್ಲಾಸ್ ಹೋಯಿತು. ಸುಳ್ಳು ಯಾಕೆ ಹೇಳಲಿ, ಕಾರಿನಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಇನ್ನು ಆ ಕಡೆ ತಲೆ ಹಾಕಬೇಡ ಎಂದು ಗಂಡ ಹೇಳಿದರು. ನಾನು ಹೋಗದಿದ್ದರೆ, ಎಳ್ಳುಬೆಲ್ಲ ತರುವವಳು ಈ ಸಭೆಯವಳಲ್ಲ ಎಂದು ನಾನೇ ಒಪ್ಪಿದಂತಾಗುತ್ತಿತ್ತು.

ಮುಂದಿನ ಭಾನುವಾರ ಅಮ್ಮ ಕೊಟ್ಟ ಸೀರೆ ಉಟ್ಟು, ಡಬ್ಬಿ ಹಿಡಿದು, ಹಾಲಿನ ಮೊದಲ ಸಾಲಿನಲ್ಲೇ ಹೋಗಿ ಕೂತೆ. ಹಿರಿಯರು ಎದುರಿಗೇ ನಿಂತು ಮೈಕು ಸರಿಮಾಡುತ್ತಿದ್ದರು. ಹಿಂದಿನ ಕೋಣೆಗೆ ಹೊರಟಿದ್ದ ಆ ಹುಡುಗಿ ನನ್ನನ್ನು ನೋಡಿ ನಿಂತಳು.

"ಆಂಟಿ, ವೈ ಆರ್ ಯೂ ಸಿಟಿಂಗ್ ಹಿಯರ್?"

"ಇದು ನನ್ನ ಸಭಾಮಂದಿರ ಪುಟ್ಟಿ" ಎಂದೆ, ಮೈಕಿಗೂ ಕೇಳುವಷ್ಟು ಗಟ್ಟಿಯಾಗಿ, ಡಬ್ಬಿಯ ಮುಚ್ಚಳ ತೆಗೆಯುತ್ತ.